ಲೇಸರ್ ಬಾಚಣಿಗೆ: ಆರು ತಿಂಗಳ ಬಳಕೆಯ ಬಳಿಕ

ಕೂದಲು ಉದುರಲು ಬಾವಿ ನೀರಿನ ಉಪ್ಪೇ ಕಾರಣವೆಂದು ಕುಂಬಳೆಯ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಕಾಸರಗೋಡಿನ ಚರ್ಮವೈದ್ಯರು ನನ್ನದು ವಂಶಪಾರಂಪರ್ಯದ ಬೋಳುತನವೆಂದು ತಿಳಿಸಿದ ಬಳಿಕವೇ ನಾನು ನೆತ್ತಿಗೆ ಕೆಂಪು ಬೆಳಕು ಹಾಯಿಸುವ ಲೇಸರ್ ಬಾಚಣಿಗೆಯೊಂದನ್ನು ತರಿಸಿಕೊಂಡೆ. ಸುಮಾರು 655 ನ್ಯಾನೋಮೀಟರ್ ತರಂಗಾಂತರದ ಈ ಕೆಂಪು ಬೆಳಕು ಚರ್ಮವನ್ನು ಸುಡುವುದಿಲ್ಲ. ಕೂದಲ ಬುಡದ ಜೀವಕೋಶಗಳನ್ನು ಚುರುಕುಗೊಳಿಸಿ, ವಿಶ್ರಾಂತಿಯಲ್ಲಿರುವ ಬೇರುಗಳನ್ನು ಮತ್ತೆ ಬೆಳವಣಿಗೆಯ ಹಂತಕ್ಕೆ ತರುತ್ತದೆಂಬುದು ಅದಕ್ಕಿರುವ ವಿವರಣೆ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್, ರೋಮ ಬೋಳಿಸಿದ ಇಲಿಗಳ ಮೇಲೆ ಲೇಸರ್ ಹಾಯಿಸಿದಾಗ ಅಲ್ಲಿ ರೋಮ ಬೇಗ ಬೆಳೆದುದನ್ನು ಗಮನಿಸಿದ್ದರು. 2007ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹೇರ್‌ಮ್ಯಾಕ್ಸ್ ಎಂಬ ಲೇಸರ್ ಬಾಚಣಿಗೆಯ ಮಾರಾಟಕ್ಕೆ ಅನುಮತಿ ನೀಡಿತಾದರೂ, ಉಪಕರಣಕ್ಕೆ ಸಿಗುವ ಇಂಥ ಅನುಮತಿಗೆ ಹೊಸ ಔಷಧಿಗೆ ಬೇಕಾಗುವಷ್ಟು ಕಠಿಣ ಪುರಾವೆ ಬೇಕಿಲ್ಲವೆಂಬುದನ್ನು ಕೊಳ್ಳುವವರು ತಿಳಿದಿರಬೇಕು. 26 ವಾರಗಳ ಪ್ರಯೋಗಗಳಲ್ಲಿ ಲೇಸರ್ ಇಲ್ಲದ ಹುಸಿ ಉಪಕರಣ ಬಳಸಿದವರಿಗಿಂತ ನಿಜವಾದ ಬೆಳಕು ಪಡೆದವರ ಕೂದಲು ಹೆಚ್ಚು ದಟ್ಟವಾದದ್ದು ನಿಜ. ಅಂಥ ಹಲವು ಪ್ರಯೋಗಗಳಿಗೆ ತಯಾರಕರೇ ಹಣ ಕೊಟ್ಟಿದ್ದರೆಂಬುದೂ ಅಷ್ಟೇ ನಿಜ.

ನಾನು ವಾರಕ್ಕೆ ಮೂರು ಬಾರಿ ತಪ್ಪದೆ ಬಳಸಿದೆ. ನಾಲ್ಕನೆಯ ತಿಂಗಳಿನಿಂದ ದಿಂಬಿನ ಮೇಲೆ ಬೀಳುವ ಕೂದಲು ಕಡಿಮೆಯಾಯಿತು, ನೆತ್ತಿಯ ನವಿರು ಕೂದಲು ತುಸು ದಪ್ಪವಾಯಿತು. ಆದರೆ ಪೂರ್ತಿ ನುಣ್ಣಗಾಗಿದ್ದ ಹಣೆಯ ಎರಡು ಮೂಲೆಗಳಲ್ಲಿ ಒಂದೆಳೆಯೂ ಚಿಗುರಲಿಲ್ಲ. ಜೊತೆಗೆ ಕೂದಲು ಬೆಳೆಯಲು ನೆರವಾಗುವ ಮಿನಾಕ್ಸಿಡಿಲ್ ಔಷಧಿಯನ್ನೂ ಹಚ್ಚುತ್ತಿದ್ದುದರಿಂದ ಈ ಫಲವನ್ನೆಲ್ಲ ಲೇಸರಿನ ಲೆಕ್ಕಕ್ಕೇ ಸೇರಿಸಲಾರೆ. ಕೂದಲು ತೆಳುವಾಗತೊಡಗಿರುವವರಿಗೆ ಇದನ್ನು ಪೂರಕ ಚಿಕಿತ್ಸೆಯಾಗಿ ಹೇಳಬಲ್ಲೆ, ಬೋಳಾದ ತಲೆಗೆ ಖಂಡಿತ ಹೇಳಲಾರೆ.