ಮೂರು ಮಳೆಗಾಲ ಬಳಸಿದ ತುಕ್ಕು ಬಿಡಿಸುವ ಸ್ಪ್ರೇ: ಎಣ್ಣೆ ಒಳ್ಳೆಯದು, ಡಬ್ಬಿ ಸರಿಯಿಲ್ಲ

ನಾಲ್ಕನೇ ಡಬ್ಬಿಯೂ ಅರ್ಧಕ್ಕೇ ಕೈಕೊಟ್ಟಿತು. ಅಲ್ಲಾಡಿಸಿದರೆ ಒಳಗೆ ಎಣ್ಣೆಯ ಸದ್ದು ಕೇಳುತ್ತದೆ, ಒತ್ತಿದರೆ ಬರೀ ಗಾಳಿ. ಆ ಸಿಟ್ಟಿಗೇ ಇದನ್ನು ಬರೆಯಲು ಕೂತದ್ದು. ಆದರೆ ನನ್ನ ಕಾರಿನ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬಿಚ್ಚಿಕೊಟ್ಟದ್ದು ಇದೇ ಎಣ್ಣೆ. ಅದನ್ನು ಹೇಳದೆ ಬೈದರೆ ತಪ್ಪಾಗುತ್ತದೆ.

ನಮ್ಮ ಮನೆ ಮಲ್ಪೆಯಲ್ಲಿ, ಕೆಲಸ ಮಣಿಪಾಲದಲ್ಲಿ. ಗಾಡಿ ಹನ್ನೊಂದು ವರ್ಷದ ಸಣ್ಣ ಕಾರು. ಬೆಳಿಗ್ಗೆ ಮೀನಿನ ಲಾರಿಯ ಹಿಂದೆ ಸಿಕ್ಕಿಹಾಕಿಕೊಳ್ಳದ ದಿನ ಕಡಿಮೆ. ಮಂಜುಗಡ್ಡೆ ಕರಗಿದ ಉಪ್ಪುನೀರು ರಸ್ತೆಯುದ್ದಕ್ಕೂ ಸುರಿಯುತ್ತಿರುತ್ತದೆ, ಟಯರಿನಿಂದ ಚಿಮ್ಮಿ ನೇರ ಗಾಡಿಯ ಅಡಿಗೆ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ, ಲಾರಿಯ ಕಾಟ ಇಳಿಯುತ್ತದೆ. ಆದರೆ ಆ ಎರಡು ತಿಂಗಳು ಮಳೆ ಬಿಡುವುದಿಲ್ಲವಲ್ಲ. ಘಟ್ಟದ ಮೇಲಿನವರ ಗಾಡಿಯಲ್ಲಿ ಐದು ನಿಮಿಷಕ್ಕೆ ಬರುವ ಬೋಲ್ಟು ನಮ್ಮಲ್ಲಿ ಐದು ದಿನ ತೆಗೆದುಕೊಳ್ಳುವುದು ಇದಕ್ಕೇ.

ಹಿಂದಿನ ಶಾಕ್ ಎರಡೂ ಎಣ್ಣೆ ಕಾರಿ, ಹಂಪ್ ಹಾರಿದ ಮೇಲೆ ಗಾಡಿ ಮೂರು ಸಲ ತೂಗಾಡುತ್ತಿತ್ತು. ಗ್ಯಾರೇಜಿಗೆ ಒಯ್ದೆ. ಅಡಿಗೆ ಟಾರ್ಚು ಬಿಟ್ಟು ನೋಡಿದವರೇ, "ಕೆಳಗಿನ ಬೋಲ್ಟ್ ಬರುವುದಿಲ್ಲ ಸರ್, ಗ್ಯಾಸ್ ಕಟರ್ ಹಾಕ್ಬೇಕಾಗ್ತದೆ" ಎಂದರು. ನನಗೆ ಎದೆ ಧಸಕ್ಕೆಂದಿತು. ಒತ್ತಡದ ಗ್ಯಾಸ್ ತುಂಬಿದ ಶಾಕ್, ಸುತ್ತ ರಬ್ಬರ್ ಬುಶ್, ಬ್ರೇಕಿನ ಹೋಸ್, ಸ್ವಲ್ಪ ಮುಂದೆ ಪೆಟ್ರೋಲ್ ಟ್ಯಾಂಕು. ಅಲ್ಲಿಗೆ ಬೆಂಕಿ ಹಿಡಿಯಲು ನಾನು ಒಪ್ಪಲಿಲ್ಲ. ಗಾಡಿ ಮನೆಗೆ ತಂದೆ, ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಯಿಂದ 380 ರೂಪಾಯಿಗೆ ಮೊದಲ ಡಬ್ಬಿಯನ್ನೂ ತಂದೆ.

ಮೊದಲ ಭಾನುವಾರ ಪೂರ್ತಿ ವ್ಯರ್ಥ. ಸ್ಪ್ರೇ ಹೊಡೆದು, ಡಬ್ಬಿಯಲ್ಲಿ ಬರೆದ ಹಾಗೆ ಹತ್ತು ನಿಮಿಷ ಕಾದು, ರಿಂಗ್ ಸ್ಪಾನರ್ ಹಾಕಿ ಎಳೆದೆ. ಅಲುಗಲಿಲ್ಲ. ಸ್ಪಾನರಿಗೆ ಪೈಪು ಸಿಕ್ಕಿಸಿ ಎಳೆದೆ, ನಟ್ಟಿನ ಮೂಲೆ ಸವೆಯತೊಡಗಿತು. ಅಲ್ಲಿಗೇ ನಿಲ್ಲಿಸಿದ್ದು ಒಳ್ಳೆಯದಾಯಿತು. ಎರಡು ಅಡಿಯ ಬಾರಿನ ತುದಿಗೆ 40 ಕಿಲೋ ಭಾರ ಬಿಟ್ಟರೆ ಸುಮಾರು 240 ನ್ಯೂಟನ್ ಮೀಟರ್ ತಿರುಚುಬಲ ಬೀಳುತ್ತದೆ. ತುಕ್ಕಿನಲ್ಲಿ ಕಚ್ಚಿಕೊಂಡ 12 ಎಂಎಂ ಬೋಲ್ಟು ತುಂಡಾಗಲು ಅಷ್ಟು ಧಾರಾಳ ಸಾಕು. ಶಕ್ತಿ ಕಡಿಮೆಯಾಗಿ ಬೋಲ್ಟು ಬರಲಿಲ್ಲ ಎಂದು ನಾವು ತಿಳಿಯುತ್ತೇವೆ, ಕಡಿಮೆಯಾದದ್ದು ಸಮಯ.

ಅದನ್ನು ನನಗೆ ಹೇಳಿದವರು ಬೋಟಿನ ಎಂಜಿನ್ ಕೆಲಸ ಮಾಡುವ ನಮ್ಮ ನೆರೆಮನೆಯ ಹಿರಿಯರು. ಉಪ್ಪುನೀರಿನಲ್ಲೇ ಮುಳುಗೇಳುವ ಬೋಲ್ಟುಗಳನ್ನು ಬಿಚ್ಚಿಯೇ ಅವರ ಬದುಕು ಸಾಗಿದ್ದು. ಬೇಲಿಯ ಆಚೆಯಿಂದ ನೋಡುತ್ತಿದ್ದವರು, "ಹತ್ತು ನಿಮಿಷದಲ್ಲಿ ಎಣ್ಣೆ ಎಂತ ಮಾಡೀತು ಮಾರಾಯ? ರಾತ್ರಿ ಕೊಡು ಅದಕ್ಕೆ. ನಾಲ್ಕು ರಾತ್ರಿ ಕೊಡು" ಎಂದರು.

ಸೋಮವಾರದಿಂದ ಅದೊಂದು ವ್ರತದ ಹಾಗೆ ನಡೆಯಿತು. ಸಂಜೆ ಆರೂವರೆಗೆ ಮನೆಗೆ ಬಂದು, ಅಂಗಿ ಬದಲಿಸಿ, ಗೋಣಿ ಹಾಸಿ ಗಾಡಿಯ ಹಿಂದೆ ಮಲಗುವುದು. ನಟ್ಟಿನಿಂದ ಹೊರಗೆ ಕಾಣುವ ಬೋಲ್ಟಿನ ಮರೆಯನ್ನು (ಥ್ರೆಡ್ಡನ್ನು) ವಯರ್ ಬ್ರಶ್‌ನಿಂದ ಹೊಳಪು ಬರುವವರೆಗೆ ತಿಕ್ಕುವುದು, ಯಾಕೆಂದರೆ ಆ ತುಕ್ಕಿನ ಮೇಲೇ ನಟ್ಟು ನಡೆದು ಬರಬೇಕು. ಆಮೇಲೆ ಎರಡು ಬದಿಯಿಂದ ಎಣ್ಣೆ. ಆಮೇಲೆ ಸಣ್ಣ ಸುತ್ತಿಗೆಯಿಂದ ಬೋಲ್ಟಿನ ತಲೆಗೆ ಇಪ್ಪತ್ತು ಪೆಟ್ಟು, ಜೋರಾಗಿ ಅಲ್ಲ, ಬಾಗಿಲು ತಟ್ಟಿದಷ್ಟು. ಪ್ರತಿ ಪೆಟ್ಟಿಗೂ ತುಕ್ಕಿನ ಪದರ ಒಂದಿಷ್ಟು ಬಿರಿಯುತ್ತದೆ, ಎಣ್ಣೆಗೆ ದಾರಿಯಾಗುತ್ತದೆ. ಕೈಯಲ್ಲಿ ಉಳಿದ ಆ ಎಣ್ಣೆಯ ವಾಸನೆಯೊಂದಿಗೇ ಕಾಫಿ ಕುಡಿಯುವುದು. ಮೂರನೇ ದಿನ ಬೋಲ್ಟಿನ ಬುಡದಿಂದ ಇಟ್ಟಿಗೆ ಬಣ್ಣದ ನೀರು ಇಳಿದದ್ದು ಕಂಡಿತು. ಒಳಗೆ ಕೆಲಸ ನಡೆಯುತ್ತಿದೆ ಎಂದು ಅಂದು ಗೊತ್ತಾಯಿತು. ಹೆಂಡತಿಯನ್ನು ಕರೆದು ತೋರಿಸಿದೆ.

ಐದನೇ ದಿನ ಆರು ಮೂಲೆಯ ಸಾಕೆಟ್ ಹಾಕಿದೆ. ಹನ್ನೆರಡು ಮೂಲೆಯದ್ದು ನಟ್ಟಿನ ಮೂಲೆಯನ್ನಷ್ಟೇ ಹಿಡಿಯುತ್ತದೆ, ಸವೆದ ನಟ್ಟಿಗೆ ಆಗುವುದಿಲ್ಲ. ಮೊದಲು ಬಿಗಿಯುವ ಕಡೆಗೆ ಒಂದು ಚೂರು ಒತ್ತಿ, ಆಮೇಲೆ ಬಿಚ್ಚುವ ಕಡೆಗೆ ಎಳೆದೆ. ಟಕ್ ಎಂದಿತು. ಆ ಸದ್ದಿಗೆ ಐದು ದಿನ ಕೊಟ್ಟದ್ದು ಹೆಚ್ಚಲ್ಲ.

ಆದರೆ ನಟ್ಟು ಬಂದರೆ ಕೆಲಸ ಮುಗಿಯುವುದಿಲ್ಲ. ಶಾಕಿನ ಕೆಳತುದಿಯ ಬಳೆಯಂಥ ಕಣ್ಣಿನಲ್ಲಿ ರಬ್ಬರ್ ಬುಶ್, ಅದರ ನಡುವೆ ಉಕ್ಕಿನ ಕೊಳವೆ, ಅದರೊಳಗೆ ಬೋಲ್ಟು. ಕೊಳವೆಗೂ ಬೋಲ್ಟಿಗೂ ನಡುವೆ ನೀರು ಹೊಕ್ಕು ತುಕ್ಕು ಬೆಳೆದರೆ, ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕಾದ್ದರಿಂದ, ಎರಡೂ ಒಂದೇ ತುಂಡಿನಂತೆ ಆಗುತ್ತವೆ. ಬೋಲ್ಟು ತಿರುಗಿಸಿದರೆ ಕಾಲು ಸುತ್ತು ಹೋಗುತ್ತದೆ, ಬಿಟ್ಟರೆ ಹಿಂದೆ ಬರುತ್ತದೆ. ಸಡಿಲಾಯಿತೆಂದು ಖುಷಿಪಡಬೇಡಿ, ತಿರುಚಿಕೊಳ್ಳುತ್ತಿರುವುದು ರಬ್ಬರ್. ಇಲ್ಲಿ ಎಣ್ಣೆ ಹಾಕುವುದು ಕೊಳವೆಯ ಎರಡು ತುದಿಗೆ, ಆಚೆ ಈಚೆ ತಿರುಗಿಸುತ್ತಲೇ ಇರುವುದು. ಎಡಬದಿಯದ್ದು ಮತ್ತೆ ಎರಡು ರಾತ್ರಿ ತಿಂದಿತು. ಹಳೆಯ ಬುಶ್ ಶಾಕಿನ ಜತೆಗೇ ಹೋಗುವುದರಿಂದ ಅದಕ್ಕೆ ಎಣ್ಣೆ ತಾಗಿದರೆ ಚಿಂತೆಯಿಲ್ಲ. ಉಳಿದ ರಬ್ಬರಿಗೆ ತಾಗಿದ್ದನ್ನು ಒರೆಸಿ, ಬ್ರೇಕಿನ ಕಡೆಗೆ ಹಾರದ ಹಾಗೆ ಬಟ್ಟೆ ಅಡ್ಡ ಹಿಡಿಯಿರಿ.

ಇನ್ನೊಂದು ಮಾತು ನಡುವೆ ಹೇಳಲೇಬೇಕು. ನಮ್ಮಲ್ಲಿ ಅಂಗಳದಲ್ಲಿ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಬಿದ್ದಿರುತ್ತದೆ, ಜಾಕಿ ಏರಿಸಿ ಅದನ್ನೇ ಅಡಿಗೆ ಇಡುವವರು ಇದ್ದಾರೆ. ಮಳೆ ನೀರು ಕುಡಿದ ಮುರಕಲ್ಲು ಯಾವಾಗ ಪುಡಿಯಾಗುತ್ತದೆ ಎಂದು ಹೇಳಲಾಗದು. ದಯವಿಟ್ಟು ಜಾಕಿ ಸ್ಟ್ಯಾಂಡೇ ತನ್ನಿ. ಹಿಂದೆ ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಯಾದರೆ ಶಾಕ್ ಬಿಚ್ಚುವ ಮೊದಲು ಆಕ್ಸಲಿಗೂ ಆಧಾರ ಕೊಡಿ, ಇಲ್ಲದಿದ್ದರೆ ಅದು ಕೆಳಗಿಳಿದು ಬ್ರೇಕಿನ ಹೋಸನ್ನು ಜಗ್ಗುತ್ತದೆ. ಮುಂದಿನ ಸ್ಟ್ರಟ್, ಅಂದರೆ ಸ್ಪ್ರಿಂಗ್ ಸುತ್ತಿಕೊಂಡೇ ಇರುವ ಶಾಕ್, ನಾನು ಮುಟ್ಟಲಿಲ್ಲ. ಅದರ ನಡುವಿನ ನಟ್ಟನ್ನು, ಸ್ಪ್ರಿಂಗನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಜೀವಕ್ಕೇ ಅಪಾಯ.

ಈಗ ಡಬ್ಬಿಯ ವಿಷಯ. ಗಾಡಿಯ ಅಡಿಗೆ ಮಲಗಿ ಮೇಲಿನ ಬೋಲ್ಟಿಗೆ ಹೊಡೆಯುವಾಗ ಡಬ್ಬಿ ನೆಟ್ಟಗೆ ನಿಲ್ಲುವುದೇ ಇಲ್ಲ. ಓರೆಯಾಗುತ್ತದೆ, ಎಷ್ಟೋ ಸಲ ತಲೆಕೆಳಗೇ ಆಗುತ್ತದೆ. ಒಳಗಿನ ಕೊಳವೆ ಡಬ್ಬಿಯ ತಳಕ್ಕೆ ಇಳಿದಿರುತ್ತದೆ. ತಲೆಕೆಳಗಾದಾಗ ಅದರ ತುದಿ ಎಣ್ಣೆಯಿಂದ ಮೇಲೆದ್ದು ಒತ್ತಡದ ಗ್ಯಾಸ್ ಮಾತ್ರ ಹೊರಗೆ ಹೋಗುತ್ತದೆ. ಎಣ್ಣೆ ಉಳಿಯುತ್ತದೆ, ತಳ್ಳುವ ಗ್ಯಾಸ್ ಮುಗಿಯುತ್ತದೆ. ಮೂರು ಡಬ್ಬಿ ಹೀಗೆ ಹೋದದ್ದರ ಕಾರಣ ನನಗೆ ಗೊತ್ತಾದದ್ದು ಈಚೆಗೆ, ನಾಲ್ಕನೆಯದನ್ನು ಜಾಗ್ರತೆಯಿಂದ ಹಿಡಿದರೂ ಪೂರ್ತಿ ತಪ್ಪಿಸಲಾಗಲಿಲ್ಲ. ಗಾಡಿಯ ಅಡಿಯ ಕೆಲಸಕ್ಕೆಂದೇ ಮಾರುವ ವಸ್ತು ಅಡಿಯಲ್ಲಿ ಮಲಗಿದಾಗ ನಡೆಯಬೇಡವೇ? ಎಚ್ಚರಿಕೆ ಡಬ್ಬಿಯಲ್ಲಿ ಉಂಟು, ಲೆನ್ಸ್ ಹಿಡಿದು ಓದುವಷ್ಟು ಸಣ್ಣ ಅಕ್ಷರದಲ್ಲಿ. ಜತೆಗೆ ಬರುವ ಕೆಂಪು ನಳಿಗೆಯೂ ಎರಡನೇ ವಾರಕ್ಕೆ ಸಡಿಲಾಗಿ ಎಣ್ಣೆ ಬೆರಳಿಗೇ ಬರುತ್ತದೆ.

ಈಗ ನಾನು ಮಾಡುವುದು ಹೀಗೆ: ಡಬ್ಬಿ ಹೊಸದಿರುವಾಗಲೇ ನೆಟ್ಟಗೆ ಹಿಡಿದು ಒಂದು ಗಾಜಿನ ಶೀಸೆಗೆ ಬೇಕಾದಷ್ಟು ಹೊಡೆದು ಮುಚ್ಚಿಡುತ್ತೇನೆ, ಅಂಗಳದಲ್ಲೇ, ಒಲೆ ದೀಪ ಹತ್ತಿರ ಇಲ್ಲದಲ್ಲಿ. ಮೆಡಿಕಲ್ ಅಂಗಡಿಯ 5 ಮಿಲಿ ಸಿರಿಂಜಿನಿಂದ ಅದನ್ನು ಬೋಲ್ಟಿನ ಬುಡಕ್ಕೆ ಬಿಡುತ್ತೇನೆ. ದಿನಕ್ಕೆ 2 ಮಿಲಿ ಸಾಕು. ಇಷ್ಟು ಕಡಿಮೆ ಎಣ್ಣೆಯಲ್ಲಿ ಆಗುವ ಕೆಲಸಕ್ಕೆ ಮೂರು ವರ್ಷ ಎಷ್ಟು ಗಾಳಿಗೆ ಬಿಟ್ಟೆ ಎಂದು ನೆನೆದರೆ ಸಂಕಟವಾಗುತ್ತದೆ.

ಹೊಸ ಬೋಲ್ಟಿಗೆ ಗ್ರೀಸ್ ತೆಳ್ಳಗೆ ಸವರಿ ಹಾಕಿದ್ದೆ, ಕೊನೆಯ ಬಿಗಿತವನ್ನು ಚಕ್ರ ನೆಲಕ್ಕೂರಿದ ಮೇಲೆ ಕೊಟ್ಟಿದ್ದೆ, ಬುಶ್ ತಿರುಚಿದ ಸ್ಥಿತಿಯಲ್ಲಿ ಉಳಿಯಬಾರದೆಂದು. ಎರಡು ಮಳೆಗಾಲ ಕಳೆದ ಮೇಲೆ ಮೊನ್ನೆ ಪರೀಕ್ಷೆಗೆ ಸಾಕೆಟ್ ಹಾಕಿದರೆ ಕೈಬಲಕ್ಕೇ ಬಂತು.

ಐದರಲ್ಲಿ ಎಣ್ಣೆಗೆ ನಾಲ್ಕೂವರೆ ನಕ್ಷತ್ರ, ಡಬ್ಬಿಗೆ ಎರಡು. ಇದೇ ಎಣ್ಣೆ ಸ್ಪ್ರೇ ಅಲ್ಲದ ಬರೀ ತಗಡಿನ ಕ್ಯಾನಿನಲ್ಲಿ ಬಂದರೆ ನಾಳೆಯೇ ಕೊಳ್ಳುತ್ತೇನೆ. ಬರುವ ವಾರ ಕಾಪುವಿನಲ್ಲಿರುವ ಭಾವನ ಗಾಡಿಯ ಶಾಕ್ ಬಿಚ್ಚಲಿಕ್ಕೆ ಉಂಟು. ನಿನ್ನೆ ಸಂಜೆ ಹೋಗಿ ಮೊದಲ ಸಿರಿಂಜು ಬಿಟ್ಟು, ಉಳಿದ ದಿನಗಳಿಗೆ ಶೀಸೆ ಮತ್ತು ಸಣ್ಣ ಸುತ್ತಿಗೆಯನ್ನು ಅಕ್ಕನ ಕೈಗೆ ಕೊಟ್ಟು ಬಂದಿದ್ದೇನೆ.