ಏನಾಯಿತು ಅಂತ ಕೇಳದ ಒಂದು ಕಲಾ ಗುಂಪು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಶನಿವಾರ ನಡೆಯುವ ಒಂದು ಕಲಾ ಥೆರಪಿ ಗುಂಪಿನ ಬಗ್ಗೆ, ಅಂದರೆ ಬಣ್ಣ, ಗೊಂಬೆ, ಕುಣಿತದ ಮೂಲಕ ನೊಂದ ಮಕ್ಕಳ ಮನಸ್ಸನ್ನು ಹಗುರ ಮಾಡುವ ಗುಂಪಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿಗೆ ಬರುವ ಕೆಲವು ಮಕ್ಕಳ ಕೇಸು ಇನ್ನೂ ಕೋರ್ಟಿನಲ್ಲಿದೆ. ಅಂಥ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದೂ ಮಾಧ್ಯಮದಲ್ಲಿ ಹೊರಬೀಳಬಾರದು ಅಂತ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಜಾಗದ ಹೆಸರು ಗೊತ್ತಾದರೆ ಯಾರು ಬಂದರು ಯಾರು ಹೋದರು ಅಂತ ನೋಡುವವರು ಇದ್ದೇ ಇರುತ್ತಾರೆ.

ನನ್ನ ಮಗ ಏಳನೇ ಕ್ಲಾಸು. ಶಾಲೆ ವ್ಯಾನಿನಲ್ಲಿ ದೊಡ್ಡ ಹುಡುಗರು ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು, ಅವನು ಅಳುವುದನ್ನು ಫೋನಿನಲ್ಲಿ ಹಿಡಿದು ವಾಟ್ಸಾಪ್‌ನಲ್ಲಿ ಹಂಚಿದರು. ಶಾಲೆಯವರು ಹುಡುಗಾಟ ಅಂದುಬಿಟ್ಟರು. ಸೋಮವಾರ ಬಂದರೆ ಹೊಟ್ಟೆನೋವು, ಊಟ ಸೇರುತ್ತಿರಲಿಲ್ಲ. ಇದಕ್ಕೆ ಸಹಾಯ ಬೇಕು ಅಂತ ಮೊದಲು ಕರೆದುಕೊಂಡು ಹೋದ ಕಡೆ ಪ್ರತಿ ಸಲವೂ "ಏನಾಯ್ತು, ಮೊದಲಿಂದ ಹೇಳು ಪುಟ್ಟಾ" ಅಂತ ಶುರು ಮಾಡುತ್ತಿದ್ದರು. ಇವನು ತಲೆ ತಗ್ಗಿಸಿ ಕೂತು, ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದ.

ಈ ಗುಂಪಿನಲ್ಲಿ ಆ ಪ್ರಶ್ನೆಯೇ ಇಲ್ಲ. ನನಗೆ ತುಂಬ ಹಿಡಿಸಿದ್ದು ಇದೇ. ನಡೆಸುವವರನ್ನು ಮಕ್ಕಳೆಲ್ಲ ಅಕ್ಕ ಅನ್ನುತ್ತಾರೆ. ಅವರು ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ನೃತ್ಯ ಚಲನೆ ಥೆರಪಿಯ ಡಿಪ್ಲೊಮಾ ಮಾಡಿಕೊಂಡವರು. ಆ ಕೋರ್ಸು ಶುರುವಾಗಿದ್ದು ಕೋಲ್ಕತ್ತ ಸಂವೇದ್ ಜೊತೆ ಸೇರಿ. ಸೋಹಿನಿ ಚಕ್ರವರ್ತಿ 2004ರಲ್ಲಿ ಕಟ್ಟಿದ ಸಂಸ್ಥೆ ಅದು, ಮಾನವ ಸಾಗಣೆಯಿಂದ ಪಾರಾಗಿ ಬಂದ ಹೆಣ್ಣುಮಕ್ಕಳ ಜೊತೆ ನೃತ್ಯದ ಮೂಲಕ ಕೆಲಸ ಮಾಡಿ ಹೆಸರಾದದ್ದು. ನೃತ್ಯ ಅಂದ ತಕ್ಷಣ ಸ್ಟೆಪ್ಪು, ಸ್ಟೇಜು ಅಂದುಕೊಳ್ಳಬೇಡಿ. ಇಲ್ಲಿ ಉಸಿರಾಟದಿಂದ ಶುರು. ಪಕ್ಕದವರು ಎಷ್ಟು ಹತ್ತಿರ ಬಂದರೆ ಸರಿ, ಎಲ್ಲಿ ಕೈ ಮುಂದೆ ಮಾಡಿ "ಅಲ್ಲೇ ನಿಲ್ಲು" ಅನ್ನಬೇಕು, ಇದನ್ನು ಆಟದ ಹಾಗೆ ಮಾಡಿಸುತ್ತಾರೆ. ಆಮೇಲೆ ತಮಟೆ, ಜೇಡಿಮಣ್ಣು, ಬಣ್ಣ. ಬೇಡ ಅನ್ನಿಸಿದ ಮಗು ಮೂಲೆಯ ಚಾಪೆಯಲ್ಲಿ ಸುಮ್ನೆ ಕೂರಬಹುದು, ಯಾರೂ ಎಬ್ಬಿಸುವುದಿಲ್ಲ.

ನನ್ನ ಮಗನಿಗೆ ಕೂಡಿ ಬಂದಿದ್ದು ಗೊಂಬೆ. ತೊಗಲು ಗೊಂಬೆಯಾಟದ ರೀತಿಯಲ್ಲೇ, ಆದರೆ ತೊಗಲಿನ ಬದಲು ರಟ್ಟು. ಒಂದು ಬಿಳಿ ಪಂಚೆ ಕಟ್ಟಿ ಹಿಂದೆ ಬಲ್ಬು ಹಾಕುತ್ತಾರೆ. ಇವನು ಕತ್ತರಿಸಿಕೊಂಡಿದ್ದು ಉದ್ದ ಹಲ್ಲಿನ ಒಂದು ಹೆಗ್ಗಣ. ಎಷ್ಟೋ ವಾರ ಆ ಹೆಗ್ಗಣ ಪರದೆಯ ಈ ತುದಿಯಿಂದ ಆ ತುದಿಗೆ ಓಡಿ ಮಾಯವಾಗುತ್ತಿತ್ತು, ಒಂದು ಮಾತಿಲ್ಲ. ಮಕ್ಕಳು ಒಪ್ಪಿದ ದಿನ ಮಾತ್ರ ದೊಡ್ಡವರು ಕೂತು ನೋಡಬಹುದು. ಅಂಥ ಒಂದು ದಿನ ಹೆಗ್ಗಣ ನಡುವೆ ನಿಂತು, ತಿರುಗಿ, "ಫೋನ್ ಕೆಳಗಿಡೋ" ಅಂತ ಗದರಿತು. ನನಗೆ ಮೈ ಜುಮ್ಮೆಂದಿತು. ಅಕ್ಕ ಚಪ್ಪಾಳೆ ತಟ್ಟಲಿಲ್ಲ, ಅದು ನೀನೇನಾ ಅಂತ ಕೆದಕಲೂ ಇಲ್ಲ. "ಹೆಗ್ಗಣ ಈಗ ಎಲ್ಲಿಗೆ ಹೋಗ್ತದೆ?" ಅಂತ ಕೇಳಿದರು, ಅಷ್ಟೇ. ಎಲ್ಲರೂ ನೋಡುತ್ತಿದ್ದಾರೆ ಅನ್ನುವುದೇ ಇವನ ಸಂಕಟ ಆಗಿತ್ತು, ಅಲ್ವಾ? ಪರದೆ ಹಿಂದೆ ಮುಖ ಯಾರಿಗೂ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ. ಎಷ್ಟು ತೋರಿಸಬೇಕು, ಯಾವಾಗ ತೋರಿಸಬೇಕು ಅನ್ನುವುದು ಅವನ ಕೈಯಲ್ಲೇ ಇತ್ತು.

ಇನ್ನೊಂದು ಒಳ್ಳೆಯ ವಿಷಯ, ಫೋಟೊ ಇಲ್ಲ, ಪ್ರದರ್ಶನ ಇಲ್ಲ. ಮಕ್ಕಳ ನೋವಿನ ಚಿತ್ರ ಗೋಡೆಗೆ ಹಾಕಿ ದಾನಿಗಳಿಗೆ ತೋರಿಸುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಇಲ್ಲಿ ಪ್ರತಿ ಮಗುವಿಗೂ ಒಂದು ಬಟ್ಟೆ ಚೀಲ, ಅದರೊಳಗಿರುವುದು ಆ ಮಗುವಿಗೆ ಮಾತ್ರ. ಏನು ಬರೆದ ಅಂತ ನಮಗೂ ಹೇಳುವುದಿಲ್ಲ. ಮಗುವಿಗೆ ಅಪಾಯ ಇದೆ ಅನ್ನಿಸಿದರೆ ಹೇಳುತ್ತಾರೆ. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಇದನ್ನು ಮೊದಲ ದಿನವೇ ಮಗುವಿಗೂ ನಮಗೂ ಬಿಡಿಸಿ ಹೇಳಿದರು.

ಕೊರತೆಗಳೂ ಇವೆ. ಕೋಣೆ ಮೇಲಿನ ಮಹಡಿಯಲ್ಲಿದೆ, ಮೆಟ್ಟಿಲು ಕಡಿದು, ಕಾಲಿಗೆ ತೊಂದರೆ ಇರುವ ಮಗು ಹತ್ತುವುದು ಕಷ್ಟ. ಫೀಸು ಕೈಲಾದಷ್ಟು ಕೊಟ್ಟರೆ ಸಾಕು, ಆದರೆ ಅದನ್ನು ಎಲ್ಲೂ ಬರೆದು ಹಾಕಿಲ್ಲ. ಕೇಳಲು ಮುಜುಗರಪಟ್ಟು ವಾಪಸ್ ಹೋಗುವವರು ಇರುತ್ತಾರೆ, ದಯವಿಟ್ಟು ಬೋರ್ಡ್ ಹಾಕಿ. ಮಾತೆಲ್ಲ ಚೆಂದದ ಕನ್ನಡದಲ್ಲಿ, ಫಾರಂ ಮಾತ್ರ ಇಂಗ್ಲಿಷಿನಲ್ಲಿ! ಶನಿವಾರ ಬೆಳಿಗ್ಗೆ ಅಂದರೆ ದಿನಗೂಲಿ ಮಾಡುವ ತಾಯಂದಿರಿಗೆ ಒಂದು ದಿನದ ಸಂಬಳ ಹೋಯಿತು.

ಇದೊಂದರಿಂದಲೇ ಎಲ್ಲ ಸರಿಹೋಗುತ್ತದೆ ಅಂತ ಹೋಗಬೇಡಿ. ಶನಿವಾರ ತಮಟೆ ಬಾರಿಸಿ ಸೋಮವಾರ ಅದೇ ವ್ಯಾನು ಹತ್ತಿಸಿದರೆ ಏನು ಬಂತು? ನಾವು ವ್ಯಾನು ಬಿಡಿಸಿದೆವು, ಶಾಲೆಗೆ ಲಿಖಿತ ದೂರು ಕೊಟ್ಟೆವು. ಮಗು ನಿದ್ದೆ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಗುಂಪಿಗಾಗಿ ಕಾಯಬೇಡಿ, ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಪೋಕ್ಸೊ ಕೇಸು ಇರುವವರು ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಸಹಾಯಕ ವ್ಯಕ್ತಿಯನ್ನು ಕೇಳಿ ಪಡೆಯಿರಿ, 2020ರ ನಿಯಮಗಳಲ್ಲಿ ಅದಕ್ಕೆ ಅವಕಾಶ ಇದೆ. ಠಾಣೆಗೂ ಕೋರ್ಟಿಗೂ ಮಗುವಿನ ಜೊತೆಗೆ ಅವರು ಇರುತ್ತಾರೆ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ವಿಳಾಸ ಬೇಕಾದವರು ಮೆಸೇಜ್ ಮಾಡಿ. ಮಗುವಿಗೆ ಏನಾಯಿತು ಅಂತ ನನಗೆ ಬರೆಯುವುದು ಬೇಡ, ವಯಸ್ಸು ಮತ್ತು ನಿಮ್ಮ ಏರಿಯಾ ತಿಳಿಸಿದರೆ ಸಾಕು.