ಸಂಪಾಜೆ ಘಾಟಿಗೆ 3.9 ಆಕ್ಸಲ್ ಒಗ್ಗುತ್ತದೆಯೇ? ಎಂಜಿಎ ಕಾರಿನಲ್ಲಿ ಎಂಟು ತಿಂಗಳ ಅನುಭವ

ಮಡಿಕೇರಿಯ ನಮ್ಮ ಮನೆಯಲ್ಲಿ 1960ರ ಎಂಜಿಎ 1600 ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿದೆ. 1588 ಸಿಸಿ ಎಂಜಿನ್, ಸುಮಾರು 80 ಅಶ್ವಶಕ್ತಿ, ನಾಲ್ಕು ಗೇರ್, ಹಿಂದೆ 4.3 ಅನುಪಾತದ ಆಕ್ಸಲ್; ಎಂದರೆ ಹಿಂದಿನ ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲರ್ ಶಾಫ್ಟ್ 4.3 ಸುತ್ತು ತಿರುಗಬೇಕು. ಕಾರ್ಖಾನೆಯಿಂದ ಬಂದದ್ದೇ ಹಾಗೆ. ಮೈಸೂರು, ಬೆಂಗಳೂರಿನ ಕಡೆಗೆ ಹೋಗುವಾಗ ಎಂಜಿನ್ನಿನ ಕೂಗು ಕಿವಿಗೆ ಹೆಚ್ಚೆನಿಸಿ, ಇಂಗ್ಲೆಂಡಿನಿಂದ 3.9 ಅನುಪಾತದ, ಹೊಸ ಬೇರಿಂಗ್ ಹಾಕಿದ ಹಳೆಯ ಡಿಫರೆನ್ಷಿಯಲ್ (ಆಕ್ಸಲಿನೊಳಗಿನ ಗೇರ್ ಜೋಡಣೆ) ಒಂದನ್ನು ತರಿಸಿ ಕೂರಿಸಿದೆ. ಕೊಡಗಿನಲ್ಲಿ ಇಂಥ ಕಾರು ಇಟ್ಟುಕೊಂಡವರು ಇದೇ ಯೋಚನೆಯಲ್ಲಿದ್ದರೆ ನನ್ನ ಅನುಭವ ಅವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಈ ಬಿಡಿಭಾಗ ಎಂಜಿಎ ನಂತರ 1962ರಲ್ಲಿ ಬಂದ ಎಂಜಿಬಿಯ ಮೊದಲ ವರ್ಷಗಳ ತೆರೆದ ಕಾರಿನದು. ಶಾಫ್ಟಿನ ಕಡೆಯ ಪಿನಿಯನ್ ಎಂಬ ಚಿಕ್ಕ ಗೇರಿಗೆ 11 ಹಲ್ಲು, ಅದು ತಿರುಗಿಸುವ ಕ್ರೌನ್ ಎಂಬ ದೊಡ್ಡ ಗೇರಿಗೆ 43 ಹಲ್ಲು. ನಮ್ಮ ಹಳೆಯದರಲ್ಲಿ ಪಿನಿಯನ್ ಹಲ್ಲು 10 ಮಾತ್ರ. ಎಂಜಿಬಿಯ ನಂತರದ ಆಕ್ಸಲ್ ಬೇರೆ ವಿನ್ಯಾಸದ್ದಾದ್ದರಿಂದ ಅದರ ಭಾಗ ಇಲ್ಲಿ ಕೂರುವುದಿಲ್ಲ. ಮಾರಿದವರು "ಬಿಚ್ಚಿ ಹಾಕಿದರೆ ಮುಗಿಯಿತು" ಎಂದಿದ್ದರೂ ಚಕ್ರಕ್ಕೆ ಬಲ ಒಯ್ಯುವ ಹಾಫ್ ಶಾಫ್ಟಿನ ಸ್ಪ್ಲೈನ್ (ತುದಿಯಲ್ಲಿ ಕಚ್ಚಿಕೊಳ್ಳುವ ಉದ್ದನೆಯ ಹಲ್ಲುಗಳು) ನಮ್ಮದಕ್ಕೆ ಹೊಂದಲಿಲ್ಲ; ಹೊಂದುವ ಶಾಫ್ಟ್ ಬರುವವರೆಗೆ ಮೂರು ವಾರ ಕಾರು ಜಾಕಿನ ಮೇಲೆಯೇ ನಿಂತಿತ್ತು. ತರಿಸುವ ಮೊದಲು ಸ್ಪ್ಲೈನ್ ಎಣಿಸಿಕೊಳ್ಳುವುದು ಅಗತ್ಯ. ಆಕ್ಸಲಿನ ಅನುಪಾತ ಎಷ್ಟೆಂದು ತಿಳಿಯದಿದ್ದರೆ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ, ಅದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ (ಇನ್ನೊಂದು ಚಕ್ರ ನಿಂತೇ ಇರುವುದರಿಂದ ಇದು ಎರಡೂ ಚಕ್ರ ಒಂದು ಸುತ್ತು ಬಂದದ್ದಕ್ಕೆ ಸಮ), ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೆಂದು ನೋಡಬೇಕು: ನಾಲ್ಕಕ್ಕೆ ಸ್ವಲ್ಪ ಕಡಿಮೆಯಾದರೆ 3.9, ನಾಲ್ಕು ದಾಟಿ ಕಾಲು ಸುತ್ತಿಗಿಂತ ತುಸು ಹೆಚ್ಚಾದರೆ 4.3.

ಜೋಡಣೆಯ ಕೆಲಸವನ್ನು ಗೋಣಿಕೊಪ್ಪಲಿನ ಮೇಸ್ತ್ರಿಯೊಬ್ಬರು ಮಾಡಿಕೊಟ್ಟರು. ಅವರು ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವವರೆಗೆ ಶಿಮ್ ಎಂಬ ತೆಳುವಾದ ಲೋಹದ ಬಿಲ್ಲೆಗಳನ್ನು ಬದಲಿಸುತ್ತಾ ಒಂದಿಡೀ ದಿನ ಕಳೆದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅದನ್ನು ಓಡಿಸಿದ ಎಂಟು ತಿಂಗಳಲ್ಲಿ ಆಕ್ಸಲಿನಿಂದ ಒಂದು ಸದ್ದೂ ಬಂದಿಲ್ಲ, ಎಣ್ಣೆಯೂ ಸೋರಿಲ್ಲ. ವಸ್ತುವಿನ ಗುಣಮಟ್ಟದ ಬಗ್ಗೆ ನನ್ನ ತಕರಾರಿಲ್ಲ.

ಬಯಲು ರಸ್ತೆಯಲ್ಲಿ ಫಲ ಕಣ್ಣಿಗೆ ಕಾಣುವಂತಿದೆ. ಟಾಪ್ ಗೇರಿನಲ್ಲಿ ಎಂಜಿನ್ನಿನ ನಿಮಿಷಕ್ಕೆ 1,000 ಸುತ್ತಿಗೆ ಸುಮಾರು 27 ಕಿ.ಮೀ. ಇದ್ದ ವೇಗ 30 ಕಿ.ಮೀ.ಗೆ ಏರಿತು. ಬೆಂಗಳೂರು ಹೆದ್ದಾರಿಯಲ್ಲಿ 100 ಕಿ.ಮೀ. ವೇಗಕ್ಕೆ 3,650ರ ಬದಲು 3,300 ಸುತ್ತು ಸಾಕಾಯಿತು; ಪಕ್ಕದಲ್ಲಿ ಕುಳಿತವರೊಡನೆ ದನಿ ಏರಿಸದೆ ಮಾತನಾಡಲು ಸಾಧ್ಯವಾಯಿತು. ಆದರೆ ಸ್ಪೀಡೋಮೀಟರಿನ ಕೇಬಲ್ ಆಕ್ಸಲಿಗಿಂತ ಮುಂಚೆ ಗೇರ್‌ಬಾಕ್ಸಿನಿಂದಲೇ ಹೊರಡುವುದರಿಂದ, ನಿಜವಾದ ವೇಗ 80 ಇರುವಾಗ ಮುಳ್ಳು ಸುಮಾರು 73 ಕಿ.ಮೀ.ಗೆ ಸಮನಾದ ಅಂಕಿಯಲ್ಲಿ ನಿಲ್ಲುತ್ತದೆ. ಆಕ್ಸಲ್ ಬದಲಿಸಿದವರು ಮೀಟರನ್ನೂ ತಿದ್ದಿಸಿಕೊಳ್ಳಬೇಕು.

ಇನ್ನು ಘಾಟಿಯ ವಿಚಾರ. ಸಂಪಾಜೆಯಿಂದ ಮಡಿಕೇರಿಗೆ ಏರುವಾಗ ಹೇರ್‌ಪಿನ್ ತಿರುವಿನಲ್ಲಿ, ಮುಂದೊಂದು ತುಂಬಿದ ಲಾರಿಯಿದ್ದರೆ, ವೇಗ 18 ಕಿ.ಮೀ.ಗೆ ಇಳಿಯುತ್ತದೆ. ಹಳೆಯ ಆಕ್ಸಲಿನಲ್ಲಿ ಆಗ ಸೆಕೆಂಡ್ ಗೇರಿನಲ್ಲಿ 1,450 ಸುತ್ತು ಉಳಿದು ಕಾರು ನಿಧಾನವಾಗಿಯಾದರೂ ಎಳೆದುಕೊಳ್ಳುತ್ತಿತ್ತು, 3.9ರಲ್ಲಿ ಅದು 1,320ಕ್ಕೆ ಇಳಿದು ಎಂಜಿನ್ ನಡುಗತೊಡಗುತ್ತದೆ. ಫಸ್ಟ್ ಗೇರಿಗೆ ಬೀಳೋಣವೆಂದರೆ ಈ ಗೇರ್‌ಬಾಕ್ಸಿನ ಫಸ್ಟ್ ಗೇರಿಗೆ ಸಿಂಕ್ರೋಮೆಶ್ (ಓಡುವಾಗ ಗೇರ್ ಸಲೀಸಾಗಿ ಕೂರಿಸುವ ವ್ಯವಸ್ಥೆ) ಇಲ್ಲ. ತಿರುವಿನ ನಡುವೆ ಎರಡು ಬಾರಿ ಕ್ಲಚ್ ಒತ್ತಿ ಗೇರ್ ಕೂರಿಸುವ ಸಾಹಸವನ್ನು ಹಿಂದೊಂದು ಬಸ್ಸು ಬರುತ್ತಿರುವಾಗ ಮಾಡುವುದು ನೆಮ್ಮದಿಯ ಕೆಲಸವಲ್ಲ. ಮಡಿಕೇರಿ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಅಷ್ಟು ಮೇಲೆ ಗಾಳಿ ತೆಳುವಾಗಿ ಕಾರ್ಬ್ಯುರೇಟರ್ ಎಂಜಿನ್ನಿನ ಶಕ್ತಿ ಹತ್ತರಲ್ಲೊಂದು ಪಾಲಿನಷ್ಟು ತಗ್ಗುತ್ತದೆ. ಅದರ ಮೇಲೆ ಆಕ್ಸಲ್ ಇನ್ನೊಂದು ಒಂಬತ್ತು ಶೇಕಡಾ ತೆಗೆದುಕೊಂಡರೆ ಚಕ್ರಕ್ಕೆ ತಲುಪುವ ಬಲ ಐದರಲ್ಲೊಂದು ಪಾಲಿನ ಹತ್ತಿರ ಕಡಿಮೆಯಾಗುತ್ತದೆ.

ಇಳಿಜಾರಿನಲ್ಲೂ ಇದೇ ಕೊರತೆ ಬೇರೆ ರೂಪದಲ್ಲಿ ಕಾಣಿಸಿತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ರಸ್ತೆ ಜಾರುವಾಗ ನಾನು ಬ್ರೇಕಿಗಿಂತ ಎಂಜಿನ್ನಿನ ಹಿಡಿತವನ್ನೇ ನಂಬುವವನು. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಈ ಕಾರು ಥರ್ಡ್ ಗೇರಿನಲ್ಲಿ ಮೊದಲಿನಷ್ಟು ತಡೆದು ನಿಲ್ಲುತ್ತಿರಲಿಲ್ಲ. ಬ್ರೇಕ್ ಪೆಡಲಿನ ಮೇಲೆ ಕಾಲಿಟ್ಟೇ ಇಳಿಯಬೇಕಾಯಿತು.

ಆದ್ದರಿಂದ ನನ್ನ ಅಭಿಪ್ರಾಯ ಖಚಿತವಾಗಿದೆ: ವಾಸ ಕೊಡಗಿನಲ್ಲಾದರೆ ಟಾಪ್ ಗೇರಿನ ಲೆಕ್ಕ ಬಿಟ್ಟು, ನಿಮ್ಮ ದಾರಿಯ ಅತಿ ಕಡಿದಾದ ತಿರುವಿನಲ್ಲಿ ಸೆಕೆಂಡ್ ಗೇರ್ ಎಷ್ಟು ಸುತ್ತಿನಲ್ಲಿ ಉಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ ಆಕ್ಸಲ್ ಆರಿಸಬೇಕು. ನಡುದಾರಿ ಬೇಕೆನ್ನುವವರಿಗೆ 4.1 ಇದೆ, 1622 ಸಿಸಿಯ ಎಂಜಿಎ 1600 ಮಾರ್ಕ್ 2 ಕಾರಿಗೆ ಕಾರ್ಖಾನೆ ಕೊಟ್ಟದ್ದು ಅದನ್ನೇ, ಆದರೆ ಎಂಜಿನ್ ದೊಡ್ಡದು ಮಾಡಿದ ಮೇಲೆ. ಹಣ ಹೆಚ್ಚು ಖರ್ಚಾದರೂ ಸರಿ ಎನ್ನುವವರು 4.3 ಆಕ್ಸಲನ್ನು ಹಾಗೆಯೇ ಉಳಿಸಿಕೊಂಡು ಫೋರ್ಡಿನ ಟೈಪ್ 9 ಐದು ಗೇರಿನ ಬಾಕ್ಸ್ ಹಾಕಿಸಿಕೊಳ್ಳುವುದು ಉತ್ತಮ. ಅದರ ಐದನೆಯ ಗೇರ್ 0.82 ಆದ್ದರಿಂದ ಹೆದ್ದಾರಿಯ ಶಾಂತಿ 3.9ಕ್ಕಿಂತಲೂ ಹೆಚ್ಚು ಸಿಗುತ್ತದೆ, ಫಸ್ಟ್ ಗೇರಿಗೆ ಸಿಂಕ್ರೋಮೆಶ್ ಕೂಡ ಇರುತ್ತದೆ.

ನಾನು ಕಳೆದ ತಿಂಗಳು ಹಳೆಯ 4.3 ಅನ್ನೇ ಮತ್ತೆ ಕೂರಿಸಿದೆ. 3.9 ಈಗ ಎಣ್ಣೆ ಹಚ್ಚಿದ ಬಟ್ಟೆ ಸುತ್ತಿಕೊಂಡು ಕಾಫಿ ಗೋದಾಮಿನಲ್ಲಿದೆ. ಬಯಲು ಸೀಮೆಯಲ್ಲಿ ಎಂಜಿಎ ಓಡಿಸುವವರು ಯಾರಾದರೂ ಕೇಳಿದರೆ ಅವರಿಗೆ ಸಂತೋಷದಿಂದ ಕೊಡುತ್ತೇನೆ.